ಇಂಗ್ಲಿಷಿನ ‘ಕೂಲ್’: ಹೊಗಳಿದ್ದೋ, ತೆಗಳಿದ್ದೋ?

ಹೊಸಬ_ಓದುಗ:
ಎಲ್ಲರಿಗೂ ನಮಸ್ಕಾರ. ನಮ್ಮ ಟೀಮಿನಲ್ಲಿ ಒಂದು ಸಾಲಿನ ಮೇಲೆ ದೊಡ್ಡ ವಾದ ನಡೆದಿದೆ. ಕ್ಲೈಂಟ್ ಕಡೆಯಿಂದ ಬಂದ ಮೇಲ್‌ನಲ್ಲಿ ಹೀಗಿದೆ: ‘ದಿ ಬೋರ್ಡ್ ವಾಸ್ ರಾದರ್ ಕೂಲ್ ಟು ದಿ ಪ್ರಪೋಸಲ್.’ ಒಬ್ಬರು, ಕೂಲ್ ಅಂದಿದ್ದಾರಲ್ಲ, ಇಷ್ಟ ಆಗಿದೆ ಅಂತಾರೆ. ಇನ್ನೊಬ್ಬರು, ಇಲ್ಲಪ್ಪ, ಮುಖ ತಿರುಗಿಸಿದ್ದಾರೆ ಅಂತಾರೆ. ಡಿಕ್ಷನರಿ ತೆಗೆದರೆ ತಂಪಾದ, ಶಾಂತವಾದ, ಉತ್ಸಾಹವಿಲ್ಲದ, ಉದ್ಧಟ, ಸೊಗಸಾದ, ಎಲ್ಲವೂ ಒಂದೇ ಪದದ ಕೆಳಗೆ ಸಾಲಾಗಿ ಕೂತಿವೆ. ಇವುಗಳಲ್ಲಿ ಯಾವುದನ್ನು ಆರಿಸಬೇಕು ಅಂತ ಓದುವವನಿಗೆ ಹೇಗೆ ಗೊತ್ತಾಗಬೇಕು?

ಸಾಲುಮರ:
ಇಷ್ಟ ಆಗಿಲ್ಲ. ನಿಮ್ಮ ಎರಡನೇ ಗೆಳೆಯರು ಹೇಳಿದ್ದೇ ಸರಿ.

ನೀವು ‘ಕೂಲ್’ ಮೇಲೆ ಕಣ್ಣಿಟ್ಟಿದ್ದೀರಿ, ಉತ್ತರ ಇರುವುದು ಅದರ ಪಕ್ಕದ ‘ಟು’ನಲ್ಲಿ. ಕೂಲ್ ಆದಮೇಲೆ ‘ಟು’ ಅಥವಾ ‘ಟುವರ್ಡ್ಸ್’ ಬಂದು, ಅದರ ಮುಂದೆ ಒಂದು ಯೋಜನೆಯೋ ಒಬ್ಬ ವ್ಯಕ್ತಿಯೋ ಇದ್ದರೆ ಅರ್ಥ ಒಂದೇ: ಆಸಕ್ತಿ ತೋರಿಸಲಿಲ್ಲ. ‘ಆನ್’ ಬಂದರೂ ಹಾಗೇ, ‘ಕೂಲ್ ಆನ್ ದಿ ಐಡಿಯಾ’ ಅಂದರೆ ಆ ವಿಚಾರದಲ್ಲಿ ಅಷ್ಟೇನೂ ಮನಸ್ಸಿಲ್ಲ. ಅದೇ ಜಾಗದಲ್ಲಿ ‘ವಿತ್’ ಹಾಕಿ ನೋಡಿ. ‘ದಿ ಬೋರ್ಡ್ ಈಸ್ ಕೂಲ್ ವಿತ್ ದಿ ಪ್ರಪೋಸಲ್’ ಅಂದರೆ ಬೋರ್ಡಿನದ್ದೇನೂ ಅಡ್ಡಿಯಿಲ್ಲ, ಮುಂದುವರಿಸಿ ಅಂತ. ಎರಡಕ್ಷರ ಬದಲಾಯಿಸಿದರೆ ತೀರ್ಪೇ ಉಲ್ಟಾ.

‘ರಾದರ್’ ಬೇರೆ ಇದೆ ನೋಡಿ, ಅದು ಇಂಗ್ಲಿಷಿನವರು ಬೇಸರದ ಸುದ್ದಿಯನ್ನು ಮೆತ್ತಗೆ ಹೇಳುವ ರೀತಿ. ಹೊಗಳುವವರು ಯಾರೂ ‘ರಾದರ್ ಕೂಲ್ ಟು’ ಅಂತ ಬರೆಯುವುದಿಲ್ಲ.

ಚುಕ್ಕಿ_ಗೆರೆ:
ಸಾಲುಮರ ಸರ್, ಒಂದು ಡೌಟು. ‘ದಟ್ ಈಸ್ ರಾದರ್ ಕೂಲ್’ ಅಂತ ಹೊಗಳಿದ್ದನ್ನು ಬೇಕಾದಷ್ಟು ಕೇಳಿದ್ದೇನೆ. ಅಲ್ಲೂ ‘ರಾದರ್’ ಇದೆ ಅಲ್ವಾ?

ಸಾಲುಮರ:
ಇದೆ, ಆದರೆ ಅಲ್ಲಿ ‘ಟು’ ಇಲ್ಲ. ವಾಕ್ಯ ‘ಕೂಲ್’ಗೇ ನಿಂತುಹೋಗಿದೆ. ಒಂದು ವಸ್ತುವನ್ನು ತೋರಿಸಿ ಸುಮ್ನೆ ಕೂಲ್ ಅಂದರೆ ಮೆಚ್ಚುಗೆ. ಮನುಷ್ಯನ ಬಗ್ಗೆ ಹೇಳಿ, ಅವನು ಇನ್ನೊಂದರ ಕಡೆ ಕೂಲ್ ಆಗಿದ್ದ ಅಂದರೆ ಅನಾದರ. ವಸ್ತುವಿಗೆ ಮನಸ್ಸಿಲ್ಲ, ಹಾಗಾಗಿ ಅದು ಯಾರ ಕಡೆಗೂ ‘ಕೂಲ್ ಟು’ ಆಗೋಕೆ ಸಾಧ್ಯವಿಲ್ಲ. ಇದೊಂದು ನೆನಪಿದ್ದರೆ ಅರ್ಧ ಗೊಂದಲ ಕಳೆಯುತ್ತೆ.

ಮೇಲ್‌ಗಳಲ್ಲಿ ಇನ್ನೂ ಎರಡು ಬರುತ್ತವೆ. ‘ಎ ಕೂಲ್ ರಿಸೆಪ್ಷನ್’ ಅಂದರೆ ಸ್ವಾಗತ ನೀರಸವಾಗಿತ್ತು ಅಂತ. ಏಸಿ ಹಾಕಿದ ಸಭಾಂಗಣ ಅಂತ ಅಂದುಕೊಳ್ಳಬೇಡಿ. ‘ದೇ ಕೂಲ್ಡ್ ಆನ್ ದಿ ಐಡಿಯಾ’ ಅಂದರೆ ಮೊದಲು ಹುಮ್ಮಸ್ಸಿತ್ತು, ಆಮೇಲೆ ಇಳಿಯಿತು. ‘ವಾರ್ಮ್ಡ್ ಟು ದಿ ಐಡಿಯಾ’ ಇದಕ್ಕೆ ಸರಿಯಾಗಿ ವಿರುದ್ಧ, ಮೊದಲು ಬೇಡ ಅಂದವರು ನಿಧಾನಕ್ಕೆ ಒಲಿದರು.

ಹಳೇಪುಸ್ತಕ:
ಇದರ ಹಿಂದಿನ ಕತೆ ಗೊತ್ತಾದರೆ ಈ ಅರ್ಥಗಳೆಲ್ಲ ಎಲ್ಲಿಂದ ಬಂದವು ಅಂತ ಕಾಣುತ್ತೆ. ಸ್ವಲ್ಪ ಉದ್ದ ಆಗಬಹುದು, ಸಹಿಸಿಕೊಳ್ಳಿ.

ಪದ ಬಹಳ ಹಳೆಯದು. ಹಳೆ ಇಂಗ್ಲಿಷಿನಲ್ಲಿ ಇದನ್ನು ‘ಕೋಲ್’ ಅನ್ನುತ್ತಿದ್ದರು. ‘ಕೋಲ್ಡ್’ ಮತ್ತು ‘ಚಿಲ್’ ಇದರ ಒಡಹುಟ್ಟಿದವು. ಲ್ಯಾಟಿನ್ನಿನಲ್ಲಿ ಮಂಜಿಗೆ ಇರುವ ‘ಗೆಲು’ ಕೂಡ ಇದೇ ಬೇರಿನದು, ಹಾಗಾಗಿ ನಾವು ದಿನಾ ಹೇಳುವ ಜೆಲ್, ಜೆಲ್ಲಿ ಇವೆಲ್ಲ ಕೂಲ್‌ಗೆ ದೂರದ ನೆಂಟರು.

ಕೋಪ, ಕಾಮ, ಆವೇಶ ಇವೆಲ್ಲ ಬಿಸಿ ಅನ್ನುವ ಲೆಕ್ಕ ಅವರಲ್ಲೂ ಇತ್ತು. ಬಿಸಿ ಇಲ್ಲದವನು ಕೂಲ್. 1590ರ ದಶಕದ ಒಂದು ನಾಟಕದಲ್ಲೇ ಶೇಕ್ಸ್‌ಪಿಯರ್, ಪ್ರೇಮಿಗಳ ಮತ್ತು ಹುಚ್ಚರ ತಲೆ ಕುದಿಯುತ್ತಿರುತ್ತದೆ, ‘ಕೂಲ್ ರೀಸನ್’ಗೆ ದಕ್ಕದ್ದೆಲ್ಲ ಅವರಿಗೆ ಕಾಣುತ್ತದೆ ಅನ್ನುವ ಅರ್ಥದ ಮಾತು ಬರೆದಿದ್ದಾನೆ. ಹ್ಯಾಮ್ಲೆಟ್‌ನಲ್ಲಿ ತಾಯಿ ಮಗನಿಗೆ, ನಿನ್ನ ಆವೇಶದ ಬೆಂಕಿಯ ಮೇಲೆ ‘ಕೂಲ್ ಪೇಶನ್ಸ್’ ಚಿಮುಕಿಸು ಅನ್ನುತ್ತಾಳೆ. ಸೌತೆಕಾಯಿಯಷ್ಟು ಕೂಲ್ ಅನ್ನುವ ಮಾತು 1732ರಲ್ಲಿ ಜಾನ್ ಗೇ ಬರೆದ ಪದ್ಯದಲ್ಲಿ ಸಿಗುತ್ತದೆ.

ಈಗ ಯೋಚಿಸಿ. ಆವೇಶ ಇಲ್ಲದವನನ್ನು ನೋಡುವವರು ಒಂದೇ ಕಣ್ಣಲ್ಲಿ ನೋಡುವುದಿಲ್ಲ. ಅಪಾಯದ ಎದುರು ಅವನು ಹಾಗಿದ್ದರೆ ಧೀರ. ನನ್ನ ಪ್ರೀತಿಯ ಎದುರು ಹಾಗಿದ್ದರೆ ಕಲ್ಲು ಮನಸ್ಸಿನವನು. ತಪ್ಪು ಮಾಡಿ ಸಿಕ್ಕಿಬಿದ್ದಾಗಲೂ ಹಾಗೇ ಇದ್ದರೆ ಭಂಡ. ‘ಕೂಲ್ ಕಸ್ಟಮರ್’ ಅನ್ನುವುದು ಈ ಭಂಡತನದ ಜಾತಿಯದ್ದು, ಅದರೊಳಗೆ ಒಂದು ಚೂರು ಮೆಚ್ಚುಗೆಯೂ ಬೆರೆತಿರುತ್ತೆ. ಇರುವ ಗುಣ ಒಂದೇ, ಯಾವುದರ ಎದುರು ತೋರಿಸಿದ ಅನ್ನುವುದರ ಮೇಲೆ ಬೆಲೆ. ಸಾಲುಮರ ಅವರು ಹೇಳಿದ ‘ಟು’, ‘ವಿತ್’ ಇವೆಲ್ಲ ಮಾಡುವುದು ಅಷ್ಟೇ ಕೆಲಸ: ಯಾವುದರ ಎದುರು ಅಂತ ತೋರಿಸುತ್ತವೆ.

1924ರಲ್ಲಿ ಅಮೆರಿಕದ ಅಧ್ಯಕ್ಷ ಕ್ಯಾಲ್ವಿನ್ ಕೂಲಿಡ್ಜ್ ಚುನಾವಣೆಗೆ ನಿಂತಾಗ ‘ಕೀಪ್ ಕೂಲ್ ವಿತ್ ಕೂಲಿಡ್ಜ್’ ಅನ್ನುವುದೇ ಅವರ ಘೋಷಣೆ. ಆಗಿನ ಮತದಾರರಿಗೆ ಅದರಲ್ಲಿ ಕೇಳಿಸಿದ್ದು ‘ಗಾಬರಿ ಬೇಡ’ ಅನ್ನುವ ಅರ್ಥ. ನಮ್ಮ ಕಿವಿಗೆ ಅದರಲ್ಲಿ ಸ್ಟೈಲು ಕೇಳಿಸುತ್ತೆ.

ಚುಕ್ಕಿ_ಗೆರೆ:
ಹಿಡಿದೆ! ಅಲ್ಲಿ ‘ವಿತ್’ ಇದೆ. ಸಾಲುಮರ ಸರ್ ಲೆಕ್ಕದಲ್ಲಿ ‘ಕೂಲಿಡ್ಜ್ ಬಗ್ಗೆ ನಮ್ಮದೇನೂ ಅಡ್ಡಿಯಿಲ್ಲ’ ಅಂತ ಆಗಬೇಕಿತ್ತಲ್ಲ 😄

ಸಾಲುಮರ:
ಬಿಡೋದಿಲ್ಲ ನೀವು. ಅಲ್ಲಿ ಕ್ರಿಯಾಪದ ‘ಕೀಪ್’. ಮನುಷ್ಯರಿಗೆ ಹೇಳುವಾಗ ‘ಕೀಪ್’ ಅಥವಾ ‘ಸ್ಟೇ’ ಬಂದರೆ ಕೂಲ್ ಅಂದರೆ ಸಾಮಾನ್ಯವಾಗಿ ಶಾಂತ. ಆಮೇಲೆ ಬರುವ ‘ವಿತ್’ ಬರೀ ‘ಜೊತೆಗೆ’. ‘ಅಡ್ಡಿಯಿಲ್ಲ’ ಅನ್ನುವ ಅರ್ಥ ಬೇಕಾದರೆ ‘ಈಸ್’, ‘ಆಮ್’, ‘ಆರ್’ ಇರಬೇಕು. ಅಂದರೆ ಎಡಗಡೆಯ ಪದವನ್ನೂ ನೋಡಬೇಕು, ಬಲಗಡೆಯದನ್ನೂ ನೋಡಬೇಕು.

ಕ್ರಿಯಾಪದ ಅಂದರೆ ‘ಪ್ಲೇ ಇಟ್ ಕೂಲ್’ ಕೂಡ ಇದೆ. ಒಳಗೆ ಆಸೆ ಕುಣಿಯುತ್ತಿದ್ದರೂ ಹೊರಗೆ ತೋರಿಸದೆ ಇರುವುದು. ಕೆಲಸದ ಆಫರ್ ಬಂದಾಗ ಸಂಬಳ ಕೇಳಿ ಕುರ್ಚಿಯಿಂದ ಎದ್ದು ಕುಣಿಯಬೇಡ, ಯೋಚಿಸಿ ಹೇಳುತ್ತೇನೆ ಅನ್ನು, ಅದು ‘ಪ್ಲೇ ಇಟ್ ಕೂಲ್’.

ಮಾತ್ರೆಪಟ್ಟಿ:
ನೀವೆಲ್ಲ ಮನಸ್ಸಿನ ಕೂಲ್ ಹಿಡಿದುಕೊಂಡು ಕೂತಿದ್ದೀರಿ. ನನ್ನದು ಔಷಧದ ಕೆಲಸ, ನಮ್ಮಲ್ಲಿ ಕೂಲ್‌ಗೆ ಡಿಗ್ರಿ ಲೆಕ್ಕ ಇದೆ. ಅಮೆರಿಕದ ಔಷಧ ಸಂಹಿತೆಯಲ್ಲಿ ‘ಕೋಲ್ಡ್’ ಅಂದರೆ 8 ಡಿಗ್ರಿ ಸೆಲ್ಸಿಯಸ್ ಮೀರದ್ದು. ‘ಕೂಲ್’ ಅಂದರೆ 8ರಿಂದ 15 ಡಿಗ್ರಿ. ‘ವಾರ್ಮ್’ 30ರಿಂದ 40. ಅದಕ್ಕಿಂತ ಮೇಲೆ ಹೋದರೆ ‘ಅತಿಯಾದ ಬಿಸಿ’. ಮಾತಿನಲ್ಲಿ ಕೂಲ್ ಮತ್ತು ಕೋಲ್ಡ್ ಒಂದರ ಬದಲು ಒಂದು ಹೇಳಿದರೆ ಯಾರಿಗೂ ನಷ್ಟವಿಲ್ಲ. ಸ್ಟೋರೇಜ್ ಲೇಬಲ್ ಬರೆಯುವಾಗ ಹಾಗೆ ಮಾಡಿದರೆ ಔಷಧ ಕೆಡುತ್ತೆ.

ಸುಟ್ಟ ಗಾಯದ ವಿಷಯದಲ್ಲೂ ಅಷ್ಟೇ. ಪ್ರಥಮ ಚಿಕಿತ್ಸೆಯ ಸೂಚನೆಗಳಲ್ಲಿ ‘ಕೂಲ್ ರನ್ನಿಂಗ್ ವಾಟರ್’ ಅಂತ ಇರುತ್ತೆ, 20 ನಿಮಿಷ ಹಿಡಿಯಿರಿ ಅಂತ. ಐಸ್ ಬೇಡ ಅಂತ ಬೇರೆ ಒತ್ತಿ ಹೇಳಿರುತ್ತಾರೆ, ಯಾಕಂದರೆ ಕೊರೆಯುವ ತಣ್ಣನೆ ಸುಟ್ಟ ಚರ್ಮಕ್ಕೆ ಇನ್ನಷ್ಟು ಹಾನಿ ಮಾಡಬಹುದು. ಕೂಲ್ ಅಂದದ್ದನ್ನು ಓದಿ ‘ತಣ್ಣಗೆ ತಾನೇ, ಜಾಸ್ತಿ ತಣ್ಣಗಿದ್ದರೆ ಜಾಸ್ತಿ ಒಳ್ಳೇದು’ ಅಂತ ಫ್ರೀಜರ್ ತೆಗೆಯುವವರು ಇದ್ದಾರೆ. ಇಲ್ಲಿ ಕೂಲ್ ಅಂದರೆ ಕೈಗೆ ಹಿತವಾಗಿ ತಟ್ಟುವ ನೀರು, ಅಷ್ಟೇ.

ನಕ್ಷತ್ರ_ಗಣತಿ:
ಡಿಗ್ರಿ ಅಂದಿರಲ್ಲ, ನಮ್ಮ ಕಡೆ ಬಂದರೆ ತಲೆ ತಿರುಗುತ್ತೆ ನಿಮಗೆ. ಖಗೋಳದವರಿಗೆ 3,000 ಕೆಲ್ವಿನ್, ಅಂದರೆ ಸುಮಾರು 2,700 ಡಿಗ್ರಿ ಸೆಲ್ಸಿಯಸ್ ಮೇಲ್ಮೈ ಇರುವ ಕೆಂಪು ನಕ್ಷತ್ರ ‘ಕೂಲ್ ಸ್ಟಾರ್’. ಕಬ್ಬಿಣ ಕರಗುವುದು 1,538 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಲೆಕ್ಕ ಹಾಕಿಕೊಳ್ಳಿ. ಸೂರ್ಯನ ಮೇಲ್ಮೈ ಸುಮಾರು 5,800 ಕೆಲ್ವಿನ್, ಅದರ ಪಕ್ಕ ನಿಲ್ಲಿಸಿದರೆ ಈ ಕೆಂಪು ನಕ್ಷತ್ರ ಕೂಲ್ ತಾನೇ. ಯಾವಾಗಲೂ ಇನ್ನೊಂದಕ್ಕೆ ಹೋಲಿಸಿ ಹೇಳುವ ಪದ ಇದು.

ಇದಕ್ಕಿಂತ ಮಜಾ ಬಲ್ಬಿನದ್ದು. ಡಬ್ಬಿಯ ಮೇಲೆ 2,700 ಕೆ ಅಂತ ಇದ್ದರೆ ಪಕ್ಕದಲ್ಲಿ ‘ವಾರ್ಮ್ ವೈಟ್’ ಅಂತ ಬರೆದಿರುತ್ತಾರೆ, ಹಳದಿ ಛಾಯೆ. 6,500 ಕೆ ಇದ್ದರೆ ‘ಕೂಲ್ ಡೇಲೈಟ್’, ನೀಲಿ ಛಾಯೆಯ ಬಿಳಿ. ಸಂಖ್ಯೆ ಜಾಸ್ತಿ ಇರುವುದು ಕೂಲ್! ಆ ಸಂಖ್ಯೆ ಬಲ್ಬಿನ ಬಿಸಿ ಅಲ್ಲ. ಕಾದು ಬೆಳಗುವ ಒಂದು ಆದರ್ಶ ವಸ್ತು ಆ ಬಣ್ಣದ ಬೆಳಕು ಕೊಡಬೇಕಾದರೆ ಎಷ್ಟು ಕೆಲ್ವಿನ್ ಇರಬೇಕು ಅನ್ನುವ ಲೆಕ್ಕ. ಅದು ಹೆಚ್ಚು ಕಾದಷ್ಟೂ ಬೆಳಕು ನೀಲಿ ಕಡೆಗೆ ಸರಿಯುತ್ತೆ. ಚಿತ್ರಕಾರರೋ, ನೀಲಿ ನೋಡಿದರೆ ನೀರು, ಮಂಜು ನೆನಪಾಗುತ್ತೆ ಅಂತ ನೀಲಿಯನ್ನು ಕೂಲ್ ಮಾಡಿದರು, ಕೆಂಪನ್ನು ಬೆಂಕಿ ಅಂತ ವಾರ್ಮ್ ಮಾಡಿದರು. ಭೌತಶಾಸ್ತ್ರ ಪೂರ್ತಿ ವಿರುದ್ಧ ಹೇಳುತ್ತೆ. ಲೇಬಲ್ ಬರೆಯುವವರು ಸಂಖ್ಯೆಯನ್ನು ಇವರಿಂದ, ಹೆಸರನ್ನು ಅವರಿಂದ ತಗೊಂಡು ಎರಡನ್ನೂ ಒಂದೇ ಡಬ್ಬಿಗೆ ಅಂಟಿಸಿದ್ದಾರೆ.

ಹೊಸಬ_ಓದುಗ:
ಇಷ್ಟೆಲ್ಲ ಸಿಗುತ್ತೆ ಅಂದುಕೊಂಡಿರಲಿಲ್ಲ, ಥ್ಯಾಂಕ್ಸ್. ಇನ್ನೊಂದು. ಹಾಟ್ ಅಂದರೂ ಹೊಗಳಿಕೆ, ಕೂಲ್ ಅಂದರೂ ಹೊಗಳಿಕೆ. ಇದ್ಯಾವ ನ್ಯಾಯ?

ರಾತ್ರಿರಾಗ:
ಇದಕ್ಕೆ ಜಾಜ್ ಸಂಗೀತಗಾರರನ್ನು ಕೇಳಬೇಕು. 1920ರ ದಶಕದಲ್ಲಿ ‘ಹಾಟ್’ ಅನ್ನುವುದೇ ದೊಡ್ಡ ಮೆಚ್ಚುಗೆ. ಲೂಯಿ ಆರ್ಮ್‌ಸ್ಟ್ರಾಂಗ್ 1925ರಲ್ಲಿ ರೆಕಾರ್ಡಿಂಗ್ ಶುರು ಮಾಡಿದ ತಂಡದ ಹೆಸರೇ ‘ಹಾಟ್ ಫೈವ್’. ಬೆವರು ಸುರಿಸಿ, ಬೆಂಕಿ ಹಚ್ಚಿ ನುಡಿಸುವುದು. ಆಮೇಲೆ ಲೆಸ್ಟರ್ ಯಂಗ್ ಬಂದರು. ಅವರ ಸ್ಯಾಕ್ಸೊಫೋನಿನ ನಾದ ಹಗುರ, ಎಲ್ಲೂ ಅವಸರವಿಲ್ಲ, ಮಾತೂ ಹಾಗೇ. ಈ ಹೊಸ ಅರ್ಥದ ‘ಕೂಲ್’ ಎಲ್ಲರ ಬಾಯಿಗೆ ಬರಲು ಅವರು ಕಾರಣ ಅನ್ನುವವರು ಬಹಳ. ಆದರೆ ಅದಕ್ಕೂ ಮೊದಲೇ ಕಪ್ಪು ಅಮೆರಿಕನ್ನರ ಆಡುಮಾತಿನಲ್ಲಿ ಅದು ಇತ್ತು. ಜೋರಾ ನೀಲ್ ಹರ್ಸ್ಟನ್ 1933ರಲ್ಲಿ ಪ್ರಕಟಿಸಿದ ಕತೆಯೊಂದರ ಸಂಭಾಷಣೆಯಲ್ಲೇ ಈ ಬಳಕೆ ಇದೆ. ಮೈಲ್ಸ್ ಡೇವಿಸ್ 1949 ಮತ್ತು 1950ರಲ್ಲಿ ರೆಕಾರ್ಡ್ ಮಾಡಿದ್ದನ್ನು 1957ರಲ್ಲಿ ಆಲ್ಬಮ್ ಮಾಡಿ ಹೊರತಂದಾಗ ‘ಕೂಲ್’ ಅನ್ನುವುದನ್ನು ಹೆಸರಿನಲ್ಲೇ ಹಾಕಿದರು.

ಹೊಗಳಿಕೆ ಎರಡೂ ಹೌದು, ಆದರೆ ಹೊಗಳುವುದು ಬೇರೆ ಬೇರೆಯದನ್ನು. ಹಾಟ್ ಅಂದರೆ ನೋಡುವವನ ಮೈ ಬಿಸಿಯಾಯಿತು ಅಂತ. ಕೂಲ್ ಅಂದರೆ ಮಾಡುವವನ ಮೈ ಬಿಸಿಯಾಗಲಿಲ್ಲ ಅಂತ. ನನಗೆ ಎರಡನೆಯದೇ ದೊಡ್ಡದು ಅನ್ನಿಸುತ್ತೆ. ದಿನಾ ಅವಮಾನ ಎದುರಿಸಬೇಕಾದ ಸಮಾಜದಲ್ಲಿ, ಸಿಟ್ಟು ತೋರಿಸಿದರೆ ಜೀವಕ್ಕೇ ಅಪಾಯ ಇದ್ದ ಕಾಲದಲ್ಲಿ, ಮುಖದಲ್ಲಿ ಏನೂ ಕಾಣದ ಹಾಗೆ ನಿಲ್ಲುವುದು ಸ್ಟೈಲ್ ಅಲ್ಲ, ಬದುಕುವ ದಾರಿ. ಅದನ್ನು ತೊಳೆದು ಒರೆಸಿ ಈಗ ಶೂ ಮಾರೋಕೆ ಬಳಸುತ್ತಾರೆ.

ಹಳೇಪುಸ್ತಕ:
ರಾತ್ರಿರಾಗ ಅವರ ಮಾತಿಗೆ ಒಂದು ಸೇರಿಸುತ್ತೇನೆ. ರಾಬರ್ಟ್ ಫ್ಯಾರಿಸ್ ಥಾಂಪ್ಸನ್ ಅನ್ನುವ ಕಲಾ ಇತಿಹಾಸಕಾರರು 1973ರಲ್ಲೇ ಒಂದು ಲೇಖನ ಬರೆದು, ಈ ತಂಪನ್ನು ಗುಣ ಅಂತ ಎಣಿಸುವುದು ಪಶ್ಚಿಮ ಆಫ್ರಿಕಾದ ಸಂಸ್ಕೃತಿಗಳಲ್ಲಿ ಮೊದಲಿನಿಂದ ಇದೆ ಅಂತ ವಾದಿಸಿದರು. ಯೊರೂಬಾ ಭಾಷೆಯಲ್ಲಿ ಇದಕ್ಕೆ ‘ಇತುತು’ ಅನ್ನುತ್ತಾರೆ.

ಬೆಳ್ಳಿಮೋಡ:
ಇನ್ನೊಂದು ಆಶ್ಚರ್ಯ ಏನಂದರೆ ಇದು ಸಾಯದೆ ಇರುವುದು. ಬೀದಿಮಾತು ಬೇಗ ಹಳತಾಗುತ್ತೆ. ‘ಗ್ರೂವಿ’ ಅಂತ ಈಗ ಯಾರಾದರೂ ಅಂದರೆ ವೇಷ ಹಾಕಿದ್ದಾರೆ ಅನ್ನಿಸುತ್ತೆ. ಕೂಲ್ ಮಾತ್ರ ಅಜ್ಜ ಮೊಮ್ಮಗ ಇಬ್ಬರ ಬಾಯಲ್ಲೂ ಇದೆ. ನನ್ನ ಊಹೆ, ಅದು ಜಾಸ್ತಿ ಗಲಾಟೆ ಮಾಡದ ಪದ ಅದಕ್ಕೇ ಉಳಿಯಿತು.

ಚುಕ್ಕಿ_ಗೆರೆ:
ಉಳಿದಿದೆ ನಿಜ, ಆದರೆ ಚಾಟ್‌ನಲ್ಲಿ ಸವೆದೇ ಹೋಗಿದೆ. ‘ಐದು ಗಂಟೆಗೆ ಸಿಗೋಣ’ ಅಂದರೆ ‘ಕೂಲ್’. ‘ಫೈಲ್ ಕಳಿಸಿದೆ’ ಅಂದರೆ ‘ಕೂಲ್’. ಮೆಚ್ಚುಗೆಯೂ ಇಲ್ಲ ಮಣ್ಣೂ ಇಲ್ಲ, ಬರೀ ‘ಸರಿ’. ನಮ್ಮ ಮ್ಯಾನೇಜರ್ ‘ಕೂಲ್’ ಅಂತ ಬರೆದು ಕೊನೆಗೆ ಒಂದು ಚುಕ್ಕಿ ಇಟ್ಟರೆ ಇಡೀ ಟೀಮು ಕೋಪ ಬಂದಿದೆಯಾ ಅಂತ ಕೂತು ಚರ್ಚೆ ಮಾಡುತ್ತೆ.

ಬೆಳ್ಳಿಮೋಡ:
ಚಾಟ್‌ನಲ್ಲಿ ನಿಜವಾಗಿ ಎಡವಿಸುವುದು ಅದಲ್ಲ ಕಣ್ರಿ. ಏನಾದರೂ ಬೇಕಾ ಅಂತ ಕೇಳಿದಾಗ ಬರುವ ‘ಐ ಆಮ್ ಕೂಲ್’ ನೋಡಿ, ಅದರ ಅರ್ಥ ‘ಬೇಡ’. ‘ಆಗಲಿ’ ಅಲ್ಲ. ಇಬ್ಬರ ಮಧ್ಯೆ ಮಾತಿಗೆ ಮಾತು ಬೆಳೆದು ಆಮೇಲೆ ‘ಆರ್ ವಿ ಕೂಲ್?’ ಅಂತ ಕೇಳಿದರೆ, ನಮ್ಮಿಬ್ಬರಲ್ಲಿ ಬೇಸರ ಏನೂ ಉಳಿದಿಲ್ಲ ತಾನೇ ಅಂತ. ‘ನಾಟ್ ಕೂಲ್’ ಅಂದರೆ ‘ಅಷ್ಟು ಚೆನ್ನಾಗಿಲ್ಲ’ ಅಂತ ಓದಿಕೊಂಡು ಸುಮ್ಮನಾಗುವವರು ತುಂಬಾ ಜನ. ಅದು ನೇರವಾಗಿ ತಪ್ಪು ಹೊರಿಸುವ ಮಾತು: ನೀನು ಮಾಡಿದ್ದು ಸರಿಯಲ್ಲ. ಒಬ್ಬರು ನಿಮಗೆ ‘ದಟ್ ವಾಸ್ ನಾಟ್ ಕೂಲ್’ ಅಂತ ಬರೆದರೆ ಸ್ಮೈಲಿ ಕಳಿಸಬೇಡಿ, ಕ್ಷಮೆ ಕೇಳಿ.

ಲೆಕ್ಕಿಗ:
ದುಡ್ಡಿನ ಜೊತೆ ಬರುವುದನ್ನು ಯಾರೂ ಹೇಳಲಿಲ್ಲ. ‘ಎ ಕೂಲ್ ಮಿಲಿಯನ್’ ಅಂತಾರಲ್ಲ, ಅದರಲ್ಲಿ ತಂಪೂ ಇಲ್ಲ, ಶಾಂತಿಯೂ ಇಲ್ಲ. ಬರೋಬ್ಬರಿ ಹತ್ತು ಲಕ್ಷ ಅನ್ನುವ ಹಾಗೆ, ಮೊತ್ತ ದೊಡ್ಡದು ಅಂತ ಒತ್ತಿ ಹೇಳುವುದಷ್ಟೇ. 18ನೇ ಶತಮಾನದಿಂದ ಇದೆ, ಆಗ ‘ಕೂಲ್ ಹಂಡ್ರೆಡ್’ ಅನ್ನುತ್ತಿದ್ದರು. ‘ಎ’ ಮತ್ತು ಮೊತ್ತ ಇವೆರಡರ ನಡುವೆ ಬಂದರೆ ಈ ಅರ್ಥ.

ಒಪ್ಪಂದಗಳಲ್ಲಿ ‘ಕೂಲಿಂಗ್-ಆಫ್ ಪೀರಿಯಡ್’ ಬರುತ್ತೆ. ಆತುರದಲ್ಲಿ ಸಹಿ ಹಾಕಿದವರಿಗೆ ತಲೆ ತಣ್ಣಗಾದ ಮೇಲೆ ಹಿಂದೆ ಸರಿಯೋಕೆ ಕೊಡುವ ಕಾಲ. ಐರೋಪ್ಯ ಒಕ್ಕೂಟದಲ್ಲಿ ಆನ್‌ಲೈನ್ ಖರೀದಿಗೆ ಸಾಮಾನ್ಯವಾಗಿ 14 ದಿನ. ಅಮೆರಿಕದ 1947ರ ಟಾಫ್ಟ್-ಹಾರ್ಟ್ಲಿ ಕಾಯ್ದೆಯಲ್ಲಿ, ದೇಶಕ್ಕೇ ತೊಂದರೆ ಆಗುವಂಥ ಮುಷ್ಕರವನ್ನು 80 ದಿನ ತಡೆಯುವ ಅವಕಾಶ ಇದೆ, ಅದಕ್ಕೂ ಇದೇ ಹೆಸರು.

ಹೊಸಬ_ಓದುಗ:
ಸರಿ, ಈಗ ಪ್ರಾಕ್ಟಿಕಲ್ ಪ್ರಶ್ನೆ. ಬೋರ್ಡ್ ‘ಕೂಲ್ ಟು’ ಆಗಿದೆ ಅಂತಾಯಿತು. ಅಂದರೆ ಬಾಗಿಲು ಮುಚ್ಚಿತಾ?

ಸಾಲುಮರ:
ಮುಚ್ಚಿಲ್ಲ. ಮುಚ್ಚಿದ್ದರೆ ‘ಕೋಲ್ಡ್’ ಅಂತಲೋ ‘ರಿಜೆಕ್ಟೆಡ್’ ಅಂತಲೋ ಬರೆಯುತ್ತಿದ್ದರು. ನೀರಿನಲ್ಲಿ ಕೂಲ್ ಅನ್ನುವುದು ಕೋಲ್ಡ್‌ಗಿಂತ ಒಂದು ಮೆಟ್ಟಿಲು ಮೇಲಿದೆಯಲ್ಲ, ಮನಸ್ಸಿನಲ್ಲೂ ಅದೇ ಮೆಟ್ಟಿಲು. ಬಹಳ ಉದ್ದದ ವಿವರಣೆ ಕಳಿಸಬೇಡಿ, ಯಾವ ಭಾಗ ಹಿಡಿಸಲಿಲ್ಲ ಅಂತ ಎರಡು ಸಾಲಿನಲ್ಲಿ ಕೇಳಿ. ಮತ್ತೆ ದಯವಿಟ್ಟು ಉತ್ತರದಲ್ಲಿ ‘ಕೂಲ್, ಥ್ಯಾಂಕ್ಸ್’ ಅಂತ ಶುರು ಮಾಡಬೇಡಿ. ಪರಿಚಯ ಇಲ್ಲದ ಬೋರ್ಡಿಗೆ ಅದು ಜಾಸ್ತಿ ಸಲಿಗೆ ಆಗುತ್ತೆ.

ಮಾತ್ರೆಪಟ್ಟಿ:
ನನ್ನದೂ ಒಂದು. ‘ಕೂಲ್ ಡೌನ್’ ಮತ್ತು ‘ಕೂಲ್ ಆಫ್’ ಎರಡೂ ಒಂದೇನಾ?

ಸಾಲುಮರ:
ಬಿಸಿ ಎಂಜಿನ್ನಿಗೂ ಸಿಟ್ಟು ಬಂದವರಿಗೂ ಎರಡೂ ನಡೆಯುತ್ತವೆ. ವ್ಯಾಯಾಮ ಮುಗಿಸಿ ನಿಧಾನಕ್ಕೆ ನಡೆದು ಎದೆಬಡಿತ ಇಳಿಸುವುದಕ್ಕೆ ‘ಕೂಲ್ ಡೌನ್’ ಮಾತ್ರ. ಬಿಸಿಲಲ್ಲಿ ಬಂದು ನೀರಿಗೆ ಇಳಿಯುವುದಕ್ಕೆ ‘ಕೂಲ್ ಆಫ್’ ಜಾಸ್ತಿ ಬಳಕೆ. ಆಸಕ್ತಿ, ಸಂಬಂಧ, ಮಾರುಕಟ್ಟೆಯ ಭರಾಟೆ ಇಳಿಯಿತು ಅನ್ನೋಕೂ ಹೆಚ್ಚಾಗಿ ‘ಕೂಲ್ ಆಫ್’.

ಬೆಳ್ಳಿಮೋಡ:
‘ಕೂಲ್ ಯುವರ್ ಹೀಲ್ಸ್’ ಅನ್ನೋದು? ಹಿಮ್ಮಡಿ ತಂಪು ಮಾಡಿಕೊ ಅಂತ ಉಪಚಾರ ಹೇಳುತ್ತಿದ್ದಾರೇನೋ ಅಂತ ಕೇಳಿಸುತ್ತೆ.

ಹಳೇಪುಸ್ತಕ:
ಉಪಚಾರದ್ದಲ್ಲ ಮೇಡಂ. ದೊಡ್ಡವರನ್ನು ನೋಡೋಕೆ ಹೋದವನನ್ನು ಹೊರಗಡೆ ಬೆಂಚಿನ ಮೇಲೆ ಗಂಟೆಗಟ್ಟಲೆ ಕಾಯಿಸುತ್ತಾರಲ್ಲ, ಅದಕ್ಕೆ ಹೇಳುವುದು. ಬೇಕಂತಲೇ ಕಾಯಿಸಿದ್ದಾರೆ ಅನ್ನುವ ಕಿರಿಕಿರಿ ಅದರಲ್ಲೇ ಸೇರಿಕೊಂಡಿದೆ.

ಲೆಕ್ಕಿಗ:
ಸ್ಪೆಲಿಂಗ್ ಬಗ್ಗೆ ಒಂದು ಮಾತು, ತುಂಬಾ ಜನ ತಪ್ಪು ಮಾಡುತ್ತಾರೆ. ‘ಅವನು ಕೂಲಾಗಿ ಉತ್ತರಿಸಿದ’ ಅನ್ನೋಕೆ ಕೂಲ್‌ಗೆ ‘ಎಲ್ ವೈ’ ಸೇರಿಸಬೇಕು, ಅಂದರೆ ‘ಎಲ್’ ಎರಡು ಬರಬೇಕು. ಒಂದೇ ‘ಎಲ್’ ಹಾಕಿದರೆ ಅದು ಕೂಲಿ ಆಳು ಅನ್ನುವ ಪದದ ಹಳೆಯ ಒಂದು ಸ್ಪೆಲಿಂಗ್ ಆಗುತ್ತೆ. ಅದಕ್ಕೂ ಈ ಕೂಲ್‌ಗೂ ಏನೂ ಸಂಬಂಧವಿಲ್ಲ, ಮತ್ತೆ ಇಂಗ್ಲಿಷಿನಲ್ಲಿ ಈಗ ಅದನ್ನು ಬೈಗುಳ ಅಂತಲೇ ಎಣಿಸುತ್ತಾರೆ, ಹಾಗಾಗಿ ಕಳಿಸುವ ಮುಂಚೆ ಆ ಒಂದು ಅಕ್ಷರ ನೋಡಿಕೊಳ್ಳಿ.